ಮೇಲೆ ಹೋದ ಅಂಕಿ ಶಾಲೆಗೆ ಮರಳಲಿ

ಜೂನ್ ಬಂತೆಂದರೆ ಕೆ.ಆರ್. ಪುರ, ಹೂಡಿ, ಮಹದೇವಪುರದ ಸರ್ಕಾರಿ ಶಾಲೆಗಳ ಬಾಗಿಲಲ್ಲಿ ಹೊಸ ಮುಖಗಳು. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು, ಒಡಿಶಾ, ಬಿಹಾರ, ಬಂಗಾಳದಿಂದ ಬಂದವರ ಮಕ್ಕಳು. ಅಪಾರ್ಟ್‌ಮೆಂಟ್ ಮೇಲೇಳುವ ತನಕ ಪಕ್ಕದ ತಗಡಿನ ಶೆಡ್ಡೇ ಅವರ ಮನೆ. ಕಟ್ಟಡ ಮುಗಿದ ಮೇಲೆ ಮೇಸ್ತ್ರಿ ಹೇಳಿದ ಕಡೆಗೆ ಪಯಣ. ದಾಖಲಾತಿಗೆ ಬಂದ ತಾಯಿಯನ್ನು ಮುಖ್ಯ ಶಿಕ್ಷಕಿ ‘ಟಿ.ಸಿ. ತಂದಿದ್ದೀರಾ?’ ಎಂದು ಕೇಳುವುದು ಹಳೆಯ ಪದ್ಧತಿ. ಈಗ ಅದರ ಜತೆಗೆ ಇನ್ನೊಂದು ಪ್ರಶ್ನೆ ಸೇರಿದೆ: ‘ಸ್ಯಾಟ್ಸ್ ನಂಬರ್ ಇದೆಯಾ?’

ಸ್ಯಾಟ್ಸ್ ಎಂಬುದು ಶಾಲಾ ಶಿಕ್ಷಣ ಇಲಾಖೆ 2010ರ ದಶಕದ ನಡುವೆ ಶುರು ಮಾಡಿದ ಗಣಕ ದಾಖಲೆ. ಒಂದನೇ ತರಗತಿಗೆ ಸೇರಿದ ಪ್ರತಿ ಮಗುವಿಗೂ ಒಂದು ಸಂಖ್ಯೆ. ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ಆ ಮಗು ಎಲ್ಲಿ ಓದುತ್ತಿದೆ, ಯಾವ ಮಾಧ್ಯಮ, ಯಾವ ತರಗತಿ, ಎಷ್ಟು ಅಂಕ ಎಂಬುದೆಲ್ಲ ಆ ಸಂಖ್ಯೆಯಡಿ ಸೇರುತ್ತದೆ. ಪಠ್ಯಪುಸ್ತಕದ ಬೇಡಿಕೆ, ವಿದ್ಯಾರ್ಥಿವೇತನ, ಎಸ್ಸೆಸ್ಸೆಲ್ಸಿ ನೋಂದಣಿ ಎಲ್ಲಕ್ಕೂ ಇದೇ ಆಧಾರ. ಮಗು ಊರು ಬಿಟ್ಟರೆ ಹಳೆಯ ಶಾಲೆ ಕಂಪ್ಯೂಟರಿನಲ್ಲಿ ಅದನ್ನು ಬಿಟ್ಟುಕೊಡಬೇಕು, ಹೊಸ ಶಾಲೆ ಸೇರಿಸಿಕೊಳ್ಳಬೇಕು.

ಬಿಟ್ಟುಕೊಡುವುದು ತಡವಾದರೆ? ಮಗು ಕೆ.ಆರ್. ಪುರದ ಬೆಂಚಿನ ಮೇಲೆ ಕೂತಿರುತ್ತದೆ, ಅದರ ಹೆಸರು ಯಾದಗಿರಿಯ ಪಟ್ಟಿಯಲ್ಲೇ ಇರುತ್ತದೆ. ಟಿ.ಸಿ. ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮಗುವನ್ನು ತರಗತಿಯಲ್ಲಿ ಕೂರಿಸಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಆದರೆ ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನಗಳೆಲ್ಲ ಪಟ್ಟಿಯ ಹಿಂದೆ ಹೋಗುವಂಥವು.

ನಮ್ಮ ಶಾಲೆಗಳಲ್ಲಿ ಮಾಹಿತಿಗೆ ಬರವಿಲ್ಲ. ಸಂಗ್ರಹಿಸಿದ್ದು ಯಾರಿಗೆ ಕೆಲಸಕ್ಕೆ ಬರುತ್ತಿದೆ ಎಂದು ಕೇಳಬೇಕಾದ ಕಾಲ ಇದು.

ಶಾಲೆಗಳ ಲೆಕ್ಕವನ್ನು ವರ್ಷವರ್ಷವೂ ಗಣಕದಲ್ಲಿ ದಾಖಲಿಸುವ ಕೆಲಸ ದೇಶದಲ್ಲಿ ಆರಂಭವಾದದ್ದು 1990ರ ದಶಕದ ನಡುವೆ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಜತೆಯಲ್ಲಿ. ವರ್ಷಕ್ಕೊಮ್ಮೆ, ಸೆಪ್ಟೆಂಬರ್ 30ನ್ನು ಲೆಕ್ಕದ ದಿನವೆಂದು ಇಟ್ಟುಕೊಂಡು, ಪ್ರತಿ ಶಾಲೆ ನಮೂನೆ ತುಂಬಬೇಕಿತ್ತು. ಗಂಡುಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಶೌಚಾಲಯ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ. ಅದೇ ಮುಂದೆ ಯುಡೈಸ್ ಆಯಿತು, ಆಮೇಲೆ ಯುಡೈಸ್ ಪ್ಲಸ್. ಬಹುಕಾಲ ಅದು ಬರೀ ತಲೆ ಎಣಿಕೆ. 2022-23ರಿಂದ ಒಬ್ಬೊಬ್ಬ ಮಗುವಿನ ದಾಖಲೆಯನ್ನೇ ಕೇಳತೊಡಗಿದರು. ಫಲಿತಾಂಶ ಕುತೂಹಲಕರ: 2021-22ರಲ್ಲಿ ದೇಶದ ಶಾಲೆಗಳಲ್ಲಿ 26.52 ಕೋಟಿ ಮಕ್ಕಳಿದ್ದರೆ, 2023-24ರ ಲೆಕ್ಕದಲ್ಲಿ 24.80 ಕೋಟಿ. ಎಣಿಸುವ ಕ್ರಮ ಬದಲಾದ್ದರಿಂದ ಹಿಂದಿನ ವರ್ಷಗಳೊಂದಿಗೆ ನೇರವಾಗಿ ಹೋಲಿಸಬಾರದು ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿತು. ಎರಡೆರಡು ಕಡೆ ಹೆಸರಿದ್ದವರು ಎಷ್ಟು, ನಿಜವಾಗಿ ಶಾಲೆ ಬಿಟ್ಟವರು ಎಷ್ಟು ಎಂದು ಬಿಡಿಸಿ ನೋಡಬೇಕಾದರೆ ದೆಹಲಿಯ ಕೋಷ್ಟಕ ಸಾಲದು. ಆ ಮಗುವಿನ ಮನೆ ಬಾಗಿಲಿಗೇ ಹೋಗಬೇಕು.

ಮನೆ ಬಾಗಿಲಿಗೆ ಹತ್ತಿರವಾಗಿ ಲೆಕ್ಕ ಇಟ್ಟವರ ಕಥೆ ಪೂರ್ವ ಬೆಂಗಳೂರಿನಲ್ಲೇ ಸಿಗುತ್ತದೆ. ಬಾಣಸವಾಡಿಯ ಓಎಂಬಿಆರ್ ಲೇಔಟ್‌ನಲ್ಲಿ ಕಚೇರಿ ಮಾಡಿಕೊಂಡ ಅಕ್ಷರ ಫೌಂಡೇಷನ್ 2000ದಲ್ಲಿ ಹುಟ್ಟಿದ್ದು. ರೋಹಿಣಿ ನಿಲೇಕಣಿ ಅದನ್ನು ಕಟ್ಟಿದವರು, ಆಮೇಲೆ ಅಶೋಕ್ ಕಾಮತ್ ಮುನ್ನಡೆಸಿದರು. ನಗರದ ಸರ್ಕಾರಿ ಶಾಲೆಗಳಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ವಿಶೇಷ ಪಾಠ ನಡೆಸುವಾಗ ಈ ಸಂಸ್ಥೆಗೆ ಒಂದು ತೊಡಕು ಎದುರಾಯಿತು. ಈ ವರ್ಷ ಪಾಠ ಹೇಳಿಸಿಕೊಂಡ ಮಗು ಮುಂದಿನ ವರ್ಷ ಎಲ್ಲಿದೆ, ಓದುತ್ತಿದೆಯೇ ಎಂದು ತಿಳಿಯಲು ದಾರಿ ಇರಲಿಲ್ಲ. ಅದಕ್ಕಾಗಿ ಸರ್ಕಾರದ ಸ್ಯಾಟ್ಸ್ ಬರುವುದಕ್ಕೂ ಸುಮಾರು ಹತ್ತು ವರ್ಷ ಮೊದಲು, 2006ರಲ್ಲಿ, ಕರ್ನಾಟಕ ಲರ್ನಿಂಗ್ ಪಾರ್ಟ್‌ನರ್‌ಶಿಪ್ ಎಂಬ ವೇದಿಕೆ ರೂಪುಗೊಂಡಿತು. ಇದು ಮಕ್ಕಳಿಗೊಂದು ಗುರುತು ಸಂಖ್ಯೆ ಕೊಟ್ಟು, ಪಾಠದ ಮೊದಲು ಒಮ್ಮೆ, ಕೊನೆಗೊಮ್ಮೆ ಓದು-ಲೆಕ್ಕ ಪರೀಕ್ಷಿಸಿ, ಫಲಿತಾಂಶವನ್ನು ಶಾಲೆವಾರು ಎಲ್ಲರ ಮುಂದಿಟ್ಟಿತು.

ಆ ಕೆಲಸದ ಒಂದು ಚೂರನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಅಕ್ಷರದವರು ಸರ್ಕಾರಿ ಶಾಲೆಗಳಲ್ಲಿ ಗ್ರಂಥಾಲಯ ನಡೆಸಿದಾಗ ಪುಸ್ತಕಗಳನ್ನು ಓದಿನ ಮಟ್ಟಕ್ಕೆ ತಕ್ಕಂತೆ ಬಣ್ಣಗಳಲ್ಲಿ ವಿಂಗಡಿಸಿದ್ದರು: ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ. ಮಗು ಯಾವ ಬಣ್ಣದ ಪುಸ್ತಕ ತೆಗೆದುಕೊಂಡಿತು ಎಂಬುದು ದಾಖಲಾಗುತ್ತಿತ್ತು. ಪರೀಕ್ಷೆ ಇಲ್ಲ, ಪಾಸು-ಫೇಲು ಇಲ್ಲ. ತಿಂಗಳು ತಿಂಗಳ ಎರವಲು ಪಟ್ಟಿ ನೋಡಿದರೆ ಸಾಕು, ಮಗು ಹಸಿರಿನಲ್ಲೇ ಉಳಿದಿದೆಯೋ ಬಿಳಿಗೆ ದಾಟಿದೆಯೋ ಗೊತ್ತಾಗುತ್ತದೆ. ಶಿಕ್ಷಕಿಗೆ ಹೆಚ್ಚುವರಿ ಬರವಣಿಗೆ ಇಲ್ಲ. ಪುಸ್ತಕ ಕೊಡುವಾಗ ಹೇಗಿದ್ದರೂ ಬರೆದುಕೊಳ್ಳಲೇಬೇಕಲ್ಲ. ಒಳ್ಳೆಯ ಮಾಹಿತಿಯ ಲಕ್ಷಣ ಇದರಲ್ಲಿದೆ. ದಿನನಿತ್ಯದ ಕೆಲಸದ ನಡುವೆಯೇ ಅದು ಹುಟ್ಟುತ್ತದೆ, ಹುಟ್ಟಿದ ಕೋಣೆಯಲ್ಲೇ ಬಳಕೆಗೆ ಬರುತ್ತದೆ.

ಆ ವೇದಿಕೆ ಇನ್ನೊಂದು ದಿಟ್ಟ ಹೆಜ್ಜೆಯನ್ನೂ ಇಟ್ಟಿತು. ಶಾಲೆಗಳನ್ನು ನಕ್ಷೆಯ ಮೇಲೆ ಗುರುತಿಸಿ, ಪ್ರತಿ ಕ್ಷೇತ್ರದಲ್ಲಿ ಎಷ್ಟು ಶಾಲೆ, ಎಷ್ಟು ಅಂಗನವಾಡಿ, ಎಲ್ಲಿ ಗ್ರಂಥಾಲಯ, ಎಲ್ಲಿ ಶೌಚಾಲಯ ಎಂಬ ವರದಿಗಳನ್ನು ಚುನಾಯಿತ ಪ್ರತಿನಿಧಿಗಳಿಗಾಗಿ ಸಿದ್ಧಪಡಿಸಿತು. ಶಾಲೆಗೆ ಭೇಟಿ ಕೊಟ್ಟ ನಾಗರಿಕರು, ಪೋಷಕರು ತಾವು ಕಂಡದ್ದನ್ನು ಫೋನಿನ ಮೂಲಕವೂ ತಿಳಿಸಬಹುದಾಗಿತ್ತು. ಇಲಾಖೆಯ ನಮೂನೆಯಲ್ಲಿ ‘ಶೌಚಾಲಯ ಇದೆ’ ಎಂದು ಬರೆದಿರುತ್ತದೆ. ಬಾಗಿಲಿಗೆ ಬೀಗ ಬಿದ್ದಿದೆ, ನೀರಿಲ್ಲ ಎಂಬುದನ್ನು ಹೇಳಬಲ್ಲವರು ಅಲ್ಲಿಗೆ ಹೋದವರೇ.

ಹಳ್ಳಿಗಳಲ್ಲಿ ಇದು ಮತ್ತೂ ಮುಂದೆ ಹೋಯಿತು. ಅಕ್ಷರ ಫೌಂಡೇಷನ್ನಿನ ಗಣಿತ ಕಲಿಕಾ ಆಂದೋಲನದ ಜತೆಗೆ ಗ್ರಾಮ ಪಂಚಾಯಿತಿ ಮಟ್ಟದ ಗಣಿತ ಸ್ಪರ್ಧೆಗಳು ನಡೆದವು. ನಾಲ್ಕು, ಐದು, ಆರನೇ ತರಗತಿಯ ಮಕ್ಕಳು ಒಂದೆಡೆ ಸೇರಿ ಲೆಕ್ಕ ಮಾಡುತ್ತಾರೆ. ಅಪ್ಪ, ಅಮ್ಮ, ಅಜ್ಜ, ಪಂಚಾಯಿತಿ ಅಧ್ಯಕ್ಷರು, ಸದಸ್ಯರು ಎಲ್ಲರೂ ಇರುತ್ತಾರೆ. ನಮ್ಮೂರ ಮಕ್ಕಳಿಗೆ ಕೂಡುವುದು ಬರುತ್ತದೆ, ಭಾಗಾಕಾರ ಬರುವುದಿಲ್ಲ ಎಂಬ ಸಂಗತಿ ಪಂಚಾಯಿತಿಯ ಮಾತಾಗುತ್ತದೆ. ಚರಂಡಿ, ಬೀದಿದೀಪದ ಸಾಲಿಗೆ ಭಾಗಾಕಾರವೂ ಬಂದು ಕೂತದ್ದು ಸಣ್ಣ ಬದಲಾವಣೆಯೇನಲ್ಲ.

ನಗರಕ್ಕೆ ಬಂದರೆ ಈ ಕೊಂಡಿಯೇ ಸಡಿಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಡಿಎಂಸಿ, ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿದೆ. ಶಿವಾಜಿನಗರದ ಶಾಲೆಗೂ ಇದೆ, ಹಲಸೂರಿನ ಶಾಲೆಗೂ ಇದೆ. ಆದರೆ ಆ ಸಮಿತಿಯ ಮಾತು ಕೇಳಿ ಕೆಲಸ ಮಾಡಿಸಬೇಕಾದ ವಾರ್ಡ್ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಪಾಲಿಕೆಗೆ ಚುನಾವಣೆ ನಡೆಯಲಿಲ್ಲ. ದೇಶದ ಮಕ್ಕಳ ಓದಿನ ಮಟ್ಟ ಹೇಳುವ, 2005ರಿಂದ ಬರುತ್ತಿರುವ ‘ಅಸರ್’ ವರದಿ ಹಳ್ಳಿಗಳ ಮನೆಮನೆಗೆ ಹೋಗುತ್ತದೆಯೇ ಹೊರತು ನಗರಕ್ಕೆ ಬರುವುದಿಲ್ಲ. ಹೀಗಾಗಿ ಬೀದರಿನ ಹಳ್ಳಿಯ ಐದನೇ ತರಗತಿಯ ಓದಿನ ಬಗ್ಗೆ ನಮಗೆ ತಿಳಿದಿರುವಷ್ಟೂ ಇಂದಿರಾನಗರದ ಹೊಳೆಯುವ ಬೀದಿಗಳ ಹಿಂದಿರುವ ಅಪ್ಪಾರೆಡ್ಡಿಪಾಳ್ಯ, ಕೋಡಿಹಳ್ಳಿಯ ಮಕ್ಕಳ ಬಗ್ಗೆ ತಿಳಿದಿಲ್ಲ.

ದಂಡು ಪ್ರದೇಶದ ಮಕ್ಕಳನ್ನು ಅಳೆಯುವುದು ಸುಲಭವೂ ಅಲ್ಲ. 1809ರಲ್ಲಿ ಹಲಸೂರಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಾಗಿನಿಂದ ಇಲ್ಲಿ ತಮಿಳು, ಉರ್ದು, ತೆಲುಗು, ಇಂಗ್ಲಿಷ್, ಕನ್ನಡ ಎಲ್ಲವೂ ಒಂದೇ ಬೀದಿಯ ಭಾಷೆಗಳು. ಶಿವಾಜಿನಗರದಲ್ಲಿ ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳಿವೆ, ಹಲಸೂರು, ಮರ್ಫಿಟೌನ್ ಕಡೆ ತಮಿಳು ಮಾಧ್ಯಮ. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡವೋ ಇಂಗ್ಲಿಷೋ ಆಡುವ ಮಗು ಓದುವ ಪರೀಕ್ಷೆಯಲ್ಲಿ ತಡವರಿಸಿದರೆ ಅದಕ್ಕೆ ಓದು ಬರುವುದಿಲ್ಲವೋ, ಆ ಭಾಷೆ ಇನ್ನೂ ಒಲಿದಿಲ್ಲವೋ? ಎರಡಕ್ಕೂ ಮದ್ದು ಬೇರೆ. ಮನೆಮಾತು ಯಾವುದೆಂಬ ಅಂಕಣವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಅಂಕಗಳ ಸರಾಸರಿ ತೆಗೆದರೆ ಆ ಸರಾಸರಿ ಯಾವ ಮಗುವಿನ ಕಥೆಯನ್ನೂ ಹೇಳುವುದಿಲ್ಲ. ಹಾಜರಿಯೂ ಹಾಗೆಯೇ. ಸೆಪ್ಟೆಂಬರ್ ಮೊದಲ ವಾರ ಶಿವಾಜಿನಗರದಲ್ಲಿ ಸಂತ ಮೇರಿಯಮ್ಮನ ಹಬ್ಬ, ಹಲಸೂರಿನಲ್ಲಿ ಸೋಮೇಶ್ವರನ ಉತ್ಸವ, ರಂಜಾನ್ ತಿಂಗಳ ರಾತ್ರಿಯ ವ್ಯಾಪಾರ ಇವುಗಳನ್ನು ಬಲ್ಲ ಶಿಕ್ಷಕಿ ಗೈರುಹಾಜರಿಯ ಪಟ್ಟಿ ಓದುವ ರೀತಿಯೇ ಬೇರೆ. ದೂರದ ಕಚೇರಿಯವರು ಓದುವ ರೀತಿಯೇ ಬೇರೆ.

ಮಟ್ಟ ತಿಳಿಯುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ‘ಓದು ಕರ್ನಾಟಕ’ ಕಾರ್ಯಕ್ರಮದಲ್ಲಿ ಪ್ರಥಮ್ ಸಂಸ್ಥೆಯ ವಿಧಾನದಂತೆ ಶಿಕ್ಷಕರು ಪ್ರತಿ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆ ತೋರಿಸುತ್ತಾರೆ: ಅಕ್ಷರ, ಪದ, ಪುಟ್ಟ ಪರಿಚ್ಛೇದ, ಕಥೆ. ಎಲ್ಲಿ ನಿಲ್ಲುತ್ತದೋ ಅದೇ ಆ ಮಗುವಿನ ಮಟ್ಟ. ನಾಲ್ಕನೇ ತರಗತಿಯಲ್ಲಿದ್ದರೂ ಪದಗಳಲ್ಲೇ ನಿಂತ ಮಕ್ಕಳು ಒಂದು ಗುಂಪು, ಕಥೆ ಓದುವವರು ಇನ್ನೊಂದು. ಪಾಠ ಅಲ್ಲಿಂದ ಮುಂದಕ್ಕೆ. ಇಲ್ಲಿ ಅಂಕಿ ಹೊರಗೆಲ್ಲೂ ಹೋಗುವ ಮೊದಲೇ ತರಗತಿಯನ್ನು ಬದಲಿಸಿರುತ್ತದೆ.

ಅಮೆರಿಕದ ಶಿಕಾಗೊ ನಗರದ ಅನುಭವವೂ ಇದನ್ನೇ ಹೇಳುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಪ್ರೌಢಶಾಲೆ ಮುಗಿಸುವವರು ಯಾರು, ನಡುವೆ ಬಿಡುವವರು ಯಾರು ಎಂದು ವರ್ಷಗಳ ದಾಖಲೆ ಜಾಲಾಡಿದರು. ಬಣ್ಣ, ಬಡತನ, ಹಿಂದಿನ ಅಂಕ ಎಲ್ಲಕ್ಕಿಂತ ನಿಖರವಾಗಿ ಮುನ್ಸೂಚನೆ ಕೊಟ್ಟದ್ದು ಒಂಬತ್ತನೇ ತರಗತಿಯ ಸಾಧನೆ. ಆ ವರ್ಷ ಹಳಿ ತಪ್ಪದವರು ಶಾಲೆ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಮೂರೂವರೆ ಪಟ್ಟು. ನಗರದ ಶಾಲೆಗಳು ಒಂಬತ್ತನೆಯವರ ಹಾಜರಿ ಮತ್ತು ಅಂಕಗಳ ಪಟ್ಟಿಯನ್ನು ವರ್ಷದ ನಡುವೆಯೇ ಶಿಕ್ಷಕರ ಕೈಗೆ ಕೊಟ್ಟವು. ಜಾರುತ್ತಿರುವ ಹುಡುಗನನ್ನು ಕರೆದು ಮಾತಾಡಿಸಿದವು. ಎರಡು ದಶಕಗಳಲ್ಲಿ ಶಾಲೆ ಮುಗಿಸುವವರ ಪ್ರಮಾಣ ಗಣನೀಯವಾಗಿ ಏರಿತು.

ನಮ್ಮಲ್ಲಿ ಇಂಥ ಎಚ್ಚರಿಕೆಯ ಗೆರೆಯನ್ನು ಎಳೆಸಿದ್ದು ಹೈಕೋರ್ಟ್. 2013ರಲ್ಲಿ ಪತ್ರಿಕೆಯ ವರದಿಯೊಂದನ್ನು ಆಧರಿಸಿ, ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಕರ್ನಾಟಕ ಹೈಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಅದರ ಫಲವಾಗಿ, ತಿಳಿಸದೆ ಏಳು ದಿನ ಸತತವಾಗಿ ಗೈರಾದ ಮಗುವನ್ನು ಶಾಲೆಯಿಂದ ಹೊರಗುಳಿದ ಮಗುವೆಂದೇ ಭಾವಿಸಿ ಹುಡುಕಬೇಕು ಎಂಬ ನಿಯಮ ಬಂತು. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ಕಾಯುತ್ತಿದ್ದರು. ಹೂಡಿಯ ಶೆಡ್ಡಿನಿಂದ ಕುಟುಂಬ ಎತ್ತಂಗಡಿಯಾಗಲು ಒಂದು ರಾತ್ರಿ ಸಾಕು. ಎಂಟನೇ ದಿನ ಯಾರಾದರೂ ಹೋಗಿ ಕೇಳಿದರೆ ಪಕ್ಕದ ಶೆಡ್ಡಿನವರಿಗೆ ಅವರು ಎಲ್ಲಿಗೆ ಹೋದರೆಂದು ಇನ್ನೂ ನೆನಪಿರುತ್ತದೆ. ಎರಡು ತಿಂಗಳು ಕಳೆದರೆ ಆ ಪಕ್ಕದ ಶೆಡ್ಡೂ ಇರುವುದಿಲ್ಲ.

ಮಕ್ಕಳ ಅಳತೆ ಸರ್ಕಾರದ ನೀತಿಯನ್ನೇ ಗಟ್ಟಿ ಮಾಡಿದ ಉದಾಹರಣೆ ಬೇಕಿದ್ದರೆ ಮೊಟ್ಟೆಯ ಪ್ರಸಂಗ ನೆನೆಯಬಹುದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಭಾರೀ ವಾಗ್ವಾದ ಎದ್ದಿತು. ಆಗ ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಮೊಟ್ಟೆ ತಿನ್ನುತ್ತಿದ್ದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆ ಸಿಗದ ಗದಗದ ಮಕ್ಕಳನ್ನೂ ತೂಗಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, ವಿಶೇಷವಾಗಿ ದೊಡ್ಡ ತರಗತಿಯ ಹೆಣ್ಣುಮಕ್ಕಳಲ್ಲಿ. ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು; 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಇವತ್ತು ಹಲಸೂರಿನ ಸರ್ಕಾರಿ ಶಾಲೆಯ ತಟ್ಟೆಗೆ ಬೀಳುವ ಮೊಟ್ಟೆಯ ಪರವಾಗಿ ಯಾದಗಿರಿಯ ಹುಡುಗಿಯರ ತೂಕದ ಪಟ್ಟಿ ಸಾಕ್ಷಿ ನುಡಿದಿದೆ.

ಅದೇ ಅಂಕಿ ಕೆಡುಕನ್ನೂ ಮಾಡಬಲ್ಲದು. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಮಕ್ಕಳ ಅಂಕಗಳಿಗೂ ಶಿಕ್ಷಕರ ನೌಕರಿ, ಬಹುಮಾನಕ್ಕೂ ಗಂಟು ಹಾಕಿದ್ದರು. ಉತ್ತರಪತ್ರಿಕೆಗಳನ್ನು ಶಿಕ್ಷಕರೇ ತಿದ್ದಿದ್ದರೆಂದು 2011ರ ತನಿಖೆ ಬಯಲು ಮಾಡಿತು. 44 ಶಾಲೆಗಳ 178 ಶಿಕ್ಷಕರು ಮತ್ತು ಅಧಿಕಾರಿಗಳ ಹೆಸರು ಬಂತು, ಕೆಲವರು ಜೈಲಿಗೂ ಹೋದರು. ಅಲ್ಲಿ ಮೋಸ ಹೋದವರು ಮಕ್ಕಳು. ತಿದ್ದಿದ ಅಂಕದಿಂದಾಗಿ ಅವರಿಗೆ ಸಿಗಬೇಕಿದ್ದ ಹೆಚ್ಚುವರಿ ಪಾಠ ತಪ್ಪಿತು. ನಮ್ಮಲ್ಲಿ ಇನ್ನೊಂದು ಬಗೆ: ದಾಖಲಾತಿ ಕಡಿಮೆಯಾದ ಶಾಲೆ ಎಂದು ಪಟ್ಟಿ ಬಂದರೆ ‘ವಿಲೀನ’ದ ಮಾತು ಶುರುವಾಗುತ್ತದೆ. ಇಪ್ಪತ್ತು ಮಕ್ಕಳ ತಮಿಳು ಶಾಲೆಗೋ ಉರ್ದು ಶಾಲೆಗೋ ಯಾಕೆ ಮಕ್ಕಳು ಬರುತ್ತಿಲ್ಲ, ಬಾಡಿಗೆ ಏರಿ ಮನೆಗಳು ಖಾಲಿಯಾದವೋ, ಶಿಕ್ಷಕರ ಹುದ್ದೆ ಖಾಲಿ ಬಿದ್ದಿದೆಯೋ ಎಂದು ಕೇಳಲು ಅದೇ ಪಟ್ಟಿಯನ್ನು ಬಳಸಬಹುದು. ಆ ಕೆಲಸ ಮೊದಲು ಆಗಲಿ, ಬೀಗದ ಮಾತು ಆಮೇಲೆ.

ಗೋಪ್ಯತೆಯ ಪ್ರಶ್ನೆಯನ್ನಂತೂ ಬೆಂಗಳೂರಿಗರು ಹಗುರವಾಗಿ ನೋಡುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಸಾರಿದ ತೀರ್ಪಿಗೆ ಹೆಸರು ಕೊಟ್ಟವರು ಈ ನಗರದಲ್ಲೇ ಬಾಳಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಪ್ರಕರಣದ ಮುಂದುವರಿದ ಭಾಗದಲ್ಲೇ, 2018ರಲ್ಲಿ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲ ಎಂದೂ ನ್ಯಾಯಾಲಯ ಹೇಳಿತು. ಹೀಗಿದ್ದೂ ಆಧಾರ್ ಜತೆ ಬೆಸೆದ ‘ಅಪಾರ್’ ಎಂಬ ಹೊಸ ಗುರುತು ಸಂಖ್ಯೆ ಬಂದ ಮೇಲೆ ಶಾಲೆಯ ಹೆಸರಿಗೂ ಆಧಾರಿನ ಹೆಸರಿಗೂ ಒಂದಕ್ಷರ ಹೊಂದಲಿಲ್ಲವೆಂದು ತಾಯಂದಿರು ಕೂಲಿ ಬಿಟ್ಟು ತಿದ್ದುಪಡಿ ಕೇಂದ್ರಗಳಿಗೆ ಅಲೆಯುವಂತಾಯಿತು. 2025ರಲ್ಲಿ ಮುಖ ಗುರುತಿಸಿ ಹಾಜರಿ ಹಾಕುವ ‘ನಿರಂತರ’ ಯೋಜನೆಯನ್ನು ರಾಜ್ಯ ಸರ್ಕಾರ ಮುಂದಿಟ್ಟಾಗ ಶಿಕ್ಷಣ ತಜ್ಞರು ಆತಂಕ ವ್ಯಕ್ತಪಡಿಸಿದ್ದು ಸಹಜವೇ ಆಗಿತ್ತು. ಮಗುವಿನ ಮುಖ ಒಮ್ಮೆ ಸೋರಿಹೋದರೆ ಗುಪ್ತಪದದಂತೆ ಬದಲಿಸಿಕೊಳ್ಳಲಾಗದು. ಏಳು ದಿನದ ಗೈರು ತಿಳಿಯುವುದಕ್ಕೆ ಕ್ಯಾಮೆರಾ ಬೇಕಿಲ್ಲ, ಹಾಜರಿ ಪುಸ್ತಕವೇ ಸಾಕು. ಎಂಟನೇ ದಿನ ಶೆಡ್ಡಿಗೆ ಹೋಗುವ ಮನುಷ್ಯ ಬೇಕು.

ಅಮೆರಿಕದಲ್ಲಿ ‘ಇನ್‌ಬ್ಲೂಮ್’ ಎಂಬ ಸಂಸ್ಥೆ ಹಲವು ರಾಜ್ಯಗಳ ಮಕ್ಕಳ ದಾಖಲೆಯನ್ನು ಒಂದೆಡೆ ಸೇರಿಸಲು 10 ಕೋಟಿ ಡಾಲರ್ ನೆರವಿನೊಂದಿಗೆ ಹೊರಟು, ಪೋಷಕರ ಪ್ರತಿಭಟನೆಯ ಮುಂದೆ 2014ರಲ್ಲಿ ಬಾಗಿಲು ಹಾಕಿತು. ತಂತ್ರಜ್ಞಾನದಲ್ಲಿ ಲೋಪವಿತ್ತೆಂದಲ್ಲ, ಅಪ್ಪ-ಅಮ್ಮಂದಿರನ್ನು ಯಾರೂ ಕೇಳಿರಲಿಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ, ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳೂ ಇವೆ. ವಿನಾಯಿತಿ ಇದೆಯೆಂದು ಒಪ್ಪಿಗೆಪತ್ರವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಆಗದು. ಶಿವಾಜಿನಗರದಲ್ಲಿ ಅದು ಕನ್ನಡ, ಉರ್ದು, ತಮಿಳಿನಲ್ಲಿರಬೇಕು, ಓದಲಾಗದವರಿಗೆ ಓದಿ ಹೇಳಬೇಕು.

ಇಷ್ಟೆಲ್ಲ ತುಂಬುವವರು ಯಾರು? ಶಿಕ್ಷಕರೇ. ಸ್ಯಾಟ್ಸ್, ಯುಡೈಸ್, ಅಪಾರ್, ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರೂ ಅವರೇ. ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಒಂದೇ ಮಗುವಿನ ಒಂದೇ ಜನ್ಮದಿನಾಂಕವನ್ನು ಮೂರು ಕಡೆ ಬರೆಸುವುದು ನಿಂತರೆ ಅಷ್ಟು ಹೊತ್ತು ಪಾಠಕ್ಕೆ ಸಿಗುತ್ತದೆ. ಅಷ್ಟು ತುಂಬಿದ ಶಿಕ್ಷಕಿಗೆ ಮರಳಿ ಏನು ಸಿಗುತ್ತದೆ? ‘ನಿಮ್ಮ ಶಾಲೆಯ ಈ ಆರು ಮಕ್ಕಳು ಕಳೆದ ತಿಂಗಳು ಪದೇ ಪದೇ ಗೈರು’ ಎಂಬ ಒಂದು ಸಾಲಿನ ಪತ್ರ ಬಂದರೂ ಆ ಶ್ರಮ ಸಾರ್ಥಕ.

ಮರಳಿಸುವ ಜಾಗ ಈಗಾಗಲೇ ಇದೆ. ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮದಲ್ಲಿ ಪೋಷಕರು ಶಾಲೆಗೆ ಬಂದು ಮಕ್ಕಳ ಪ್ರಗತಿ ನೋಡುತ್ತಾರೆ. ಪ್ರತಿ ತಾಯಿಗೂ ಅವಳ ಮಗುವಿನ ಓದಿನ ಮಟ್ಟವನ್ನು ಅವಳಿಗೊಬ್ಬಳಿಗೇ ತಿಳಿಸಿ, ತರಗತಿಯ ಒಟ್ಟು ಚಿತ್ರವನ್ನು ಮಾತ್ರ ಎಲ್ಲರ ಮುಂದಿಡಬಹುದು: ಐದನೆಯಲ್ಲಿ ಎಷ್ಟು ಮಕ್ಕಳು ಕಥೆ ಓದುತ್ತಾರೆ, ಎಷ್ಟು ಮಕ್ಕಳು ಪದದಲ್ಲಿ ನಿಂತಿದ್ದಾರೆ, ನಲ್ಲಿಯಲ್ಲಿ ಎಷ್ಟು ದಿನ ನೀರು ಬರಲಿಲ್ಲ. ಆ ಹಾಳೆಯ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಇನ್ನೊಂದು ಪಾಲಿಕೆಗೆ. 2025ರ ಸೆಪ್ಟೆಂಬರಿನಿಂದ ಇಲ್ಲಿ ಪಾಲಿಕೆಯೂ ಒಂದೇ ಅಲ್ಲ. ಶಿವಾಜಿನಗರ ಕೇಂದ್ರ ನಗರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ನಗರ ಪಾಲಿಕೆಗೆ ಸೇರಿವೆ. ಶೆಡ್ಡಿನ ಕುಟುಂಬ ಕೆಲಸ ಹುಡುಕಿಕೊಂಡು ಆ ಗಡಿಯನ್ನು ವರ್ಷದಲ್ಲಿ ಎಷ್ಟೋ ಸಲ ದಾಟುತ್ತದೆ. ಆ ಮಗುವಿನ ಹೆಸರು ಒಂದು ಕಡೆ ಪಟ್ಟಿಯಿಂದ ಬಿದ್ದುಹೋದ ವಾರವೇ ಇನ್ನೊಂದು ಕಡೆಯ ಶಾಲೆಗೆ ಸುದ್ದಿ ಮುಟ್ಟಿಸುವ ಹೊಣೆ ಯಾರದೆಂದು ಈ ಎರಡು ಪಾಲಿಕೆಗಳೂ ಇಲಾಖೆಯೂ ಕೂತು ಬರೆದಿಟ್ಟುಕೊಳ್ಳಬೇಕು, ಮುಂದಿನ ಜೂನ್ ಬರುವುದರೊಳಗೆ.